ಎಂಟುನೂರೈವತ್ತರ ಮುಚ್ಚಳ

ಓಹಾಯೋದ ಆ ಸಣ್ಣ ಊರಿನಲ್ಲಿ ಡೆಲ್ಮರ್ ಕ್ರೌಸ್‌ನ ಅಂಗಡಿಗೆ ಹೋದರೆ ಕಾರಿಗೆ ಬೇಕಾದ ಬಿಡಿಭಾಗ ಸಿಗುತ್ತಿತ್ತು. ಗಿರಾಕಿ ಕೇಳಿದ್ದು ಸಿಗುತ್ತಿದ್ದದ್ದು ಅಪರೂಪ. ಒಂದೇ ಒಂದು ಸಾಮಾನಿನ ವಿಷಯದಲ್ಲಿ ಅವನು ಕೇಳಿದ್ದನ್ನೇ ಕೊಡುತ್ತಿದ್ದ. ಅವನ ಬೆನ್ನ ಹಿಂದಿನ ಕಪಾಟಿನಲ್ಲಿ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಉಣಿಸುವ ಒಂದು ದೈತ್ಯ ಕಾರ್ಬುರೇಟರ್ ಕೂತಿತ್ತು. ನಿಮಿಷಕ್ಕೆ ಎಂಟುನೂರೈವತ್ತು ಘನ ಅಡಿ ಗಾಳಿ ನುಂಗುವ, ರೇಸಿಗೆಂದೇ ಹುಟ್ಟಿದ ಪ್ರಾಣಿ. ಹತ್ತು ವರ್ಷದಲ್ಲಿ ಅದನ್ನು ಏಳು ಸಲ ಮಾರಿದ್ದ. ಏಳು ಸಲವೂ ಅದು ಗಂಡನ ಮನೆಯಲ್ಲಿ ಬಾಳಲಾರದ ಮಗಳಂತೆ ತವರಿಗೆ ಮರಳಿತ್ತು.

ಜೂನ್ ಕೊನೆಯಲ್ಲಿ ಆರ್ವಿಲ್ ಟಿಪ್ಟನ್ ಬಂದು ಅದರತ್ತ ಬೆರಳು ತೋರಿಸಿದ.

ಆರ್ವಿಲ್ ನಿವೃತ್ತ ಅಂಚೆಯವನು. ಅವನ ಕೆಂಪು ಕಾರು ಅರವತ್ತೆಂಟನೇ ಇಸವಿಯದ್ದು. ಶನಿವಾರ ಸಂಜೆ ಐಸ್‌ಕ್ರೀಮ್ ಅಂಗಡಿಯ ಅಂಗಳದಲ್ಲಿ ಊರಿನ ಹಳೇ ಕಾರುಗಳೆಲ್ಲ ಬಾನೆಟ್ ಎತ್ತಿಕೊಂಡು ನಿಲ್ಲುತ್ತವೆ. ಗಂಡಸರು ಬೆನ್ನಿಗೆ ಕೈ ಕಟ್ಟಿಕೊಂಡು ಒಳಗೆ ಬಗ್ಗಿ ನೋಡುತ್ತಾರೆ. ಕೈ ಬೆನ್ನಿಗೇ ಇರಬೇಕು. ಇನ್ನೊಬ್ಬನ ಗಾಡಿ ಮುಟ್ಟುವುದಕ್ಕಿಂತ ಅವನ ಹೆಂಡತಿಯನ್ನು ಕುಣಿಯಲು ಕರೆಯುವುದೇ ಮೇಲು ಎಂಬುದು ಅಲ್ಲಿನ ನೀತಿ.

"ಪರೇಡಿಗೆ ಬೇಕು ಕಣೋ," ಅಂದ ಆರ್ವಿಲ್. "ವರ್ನಾ ಈ ಸಲ ಬ್ಯಾಂಡಿನ ಬೆನ್ನಿಗೇ, ಎಲ್ಲ ಗಾಡಿಗಳಿಗಿಂತ ಮುಂದೆ. ನನ್ನ ಗಾಡೀಲೇ."

ಅವನ ಹೆಂಡತಿ ವರ್ನಾ ನಲವತ್ತು ವರ್ಷ ಶಾಲೆಯ ಅಡುಗೆಮನೆ ನಡೆಸಿದವಳು. ಊರೇ ಅವಳ ಕೈಯ ಊಟ ಉಂಡು ಬೆಳೆದಿತ್ತು. ಹಾಗಾಗಿ ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಮೆರವಣಿಗೆಗೆ ಅವಳೇ ನಾಯಕಿ.

"ಪರೇಡು ಎಷ್ಟು ಜೋರಾಗಿ ಹೋಗುತ್ತಪ್ಪ?" ಡೆಲ್ಮರ್ ಕೇಳಿದ.

"ಬ್ಯಾಂಡಿನ ಹುಡುಗರು ನಡೆದಷ್ಟು."

"ಹಂಗಾದ್ರೆ ಇದು ಬೇಡ. ನಿನ್ನ ಎಂಜಿನ್‌ಗೆ ಆರುನೂರೇ ಹೆಚ್ಚು. ಗಟ್ಟಿ ಮಿಲ್ಕ್‌ಶೇಕನ್ನ ನೀರಿನ ಪೈಪಲ್ಲಿ ಹೀರಿ ನೋಡಿದೀಯಾ? ಕೆನ್ನೆ ಒಳಗೆ ಹೋಗುತ್ತೆ, ಶೇಕು ಮೇಲೆ ಬರಲ್ಲ. ಬಾಯಿ ದೊಡ್ಡದಾದ್ರೆ ಗಾಳಿ ಸೋಮಾರಿ ಆಗುತ್ತೆ, ಪೆಟ್ರೋಲ್ ಎಳೆಯಲ್ಲ."

"ಆ ಕ್ಲೀಟಸ್‌ನ ಪಿಕಪ್ಪಲ್ಲೂ ಎಂಟುನೂರೈವತ್ತೇ ಅಂತಲ್ಲೋ!"

"ಬೇಡ ಮಾರಾಯ."

"ಕೊಡ್ತೀಯೋ ಇಲ್ವೋ?"

"ಬೇಡ ಅಂದೆ. ಮೂರು ಸಲ ಆಯ್ತು," ಎಂದು ಡೆಲ್ಮರ್ ಅದನ್ನು ಇಳಿಸಿ ಧೂಳು ಒರೆಸಿದ. ಮೂರು ಸಲ ಬುದ್ಧಿ ಹೇಳುವುದು ಅವನ ಧರ್ಮ. ನಾಲ್ಕನೆಯ ಸಲ ವ್ಯಾಪಾರ.

ಭಾನುವಾರ ಚರ್ಚಿಗೆ ಹೊರಟ ಕಾರು ಊರಿನ ಏಕೈಕ ಟ್ರಾಫಿಕ್ ಸಿಗ್ನಲ್‌ನಲ್ಲಿ ಕೆಮ್ಮಿತು, ನಡುಗಿತು, ಸತ್ತಿತು. ಮತ್ತೆ ಬದುಕಿತು, ಮತ್ತೆ ಸತ್ತಿತು. ವರ್ನಾಳ ಹೊಸ ಟೋಪಿಗೆಲ್ಲ ಪೆಟ್ರೋಲಿನ ವಾಸನೆ. ಹಿಂದೆ ಹಾರ್ನ್ ಮಾಡುತ್ತಿದ್ದವನು ಕ್ಲೀಟಸ್; ಶಾಲಾ ದಿನಗಳಲ್ಲಿ ವರ್ನಾಳ ಜೊತೆ ಎರಡು ವರ್ಷ ಸುತ್ತಿದವನು. ಮೆರವಣಿಗೆಯಲ್ಲಿ ಅವನ ಹಸಿರು ಟ್ರ್ಯಾಕ್ಟರು ಆರ್ವಿಲ್‌ನ ಕಾರಿನ ಬೆನ್ನಿಗೇ ಬರಬೇಕಿತ್ತು.

"ಹಗ್ಗ ಬೇಕೇನೋ ಆರ್ವಿಲ್?" ಎಂದು ತಲೆ ಹೊರಹಾಕಿ ಕೂಗಿದ. "ವರ್ನಾ, ನನ್ನ ಟ್ರ್ಯಾಕ್ಟರಲ್ಲಿ ಮೆತ್ತನೆ ಸೀಟಿದೆ ನೋಡು!"

ವರ್ನಾ ನೇರ ಮುಂದೆ ನೋಡುತ್ತ ಗಂಡನಿಗೆ ಹೇಳಿದಳು: "ಪರೇಡಲ್ಲಿ ಇದು ಒಂದ್ಸಲ ನಿಂತ್ರೆ ನಾನು ಇಳಿದು ಆ ಸೀಟಿಗೆ ಹೋಗ್ತೀನಿ. ಊರಿಗೆಲ್ಲ ಕೈ ಬೀಸ್ಕೊಂಡೇ ಹೋಗ್ತೀನಿ."

ಅವಳು ತಮಾಷೆಗೆ ಮಾತಾಡುವವಳಲ್ಲ. ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಆರ್ವಿಲ್ ಅಲ್ಲಿ ನಿಂತಿದ್ದ.

"ಆರುನೂರರದ್ದು ಕೊಡು. ಆದ್ರೆ ಬಾನೆಟ್ ಎತ್ತಿದಾಗ ನನ್ನ ಮಾನ ಏನೋ?"

ಡೆಲ್ಮರ್ ಸಣ್ಣ ಕಾರ್ಬುರೇಟರ್ ತಂದಿಟ್ಟ. ಆಮೇಲೆ ಹಿಂದಿನ ಕೋಣೆಗೆ ಹೋಗಿ, ದೊಡ್ಡ ತಟ್ಟೆಯಗಲದ, ಅಂಚು ಕೆಳಗಿಳಿದ, ಫಳಫಳ ಹೊಳೆಯುವ ಗಾಳಿ ಸೋಸುವ ಡಬ್ಬಿಯೊಂದನ್ನು ತಂದ. ಮುಚ್ಚಳದ ಮೇಲೆ ಕೆತ್ತಿತ್ತು: 850.

"ಇದರಡಿ ಏನಿದೆ ಅಂತ ಯಾರಿಗೆ ಗೊತ್ತಾಗುತ್ತೆ? ತಿರುಪು ಬಿಚ್ಚೋಕೆ ಯಾರ ಕೈಯೂ ಮುಂದೆ ಬರಲ್ಲ."

"ಯಾರಿಗೂ ಹೇಳ್ಬೇಡ ಮತ್ತೆ."

"ಇದುವರೆಗೆ ಹೇಳಿದೀನಾ?" ಅಂದ ಡೆಲ್ಮರ್. ಆರ್ವಿಲ್ ವಾಪಸ್ ತಂದ ದೈತ್ಯ ಮತ್ತೆ ಕಪಾಟು ಹತ್ತಿತು.

ಜುಲೈ ನಾಲ್ಕರಂದು ಕಾರಿನ ಮುಂದಿದ್ದ ಬ್ಯಾಂಡಿನ ದಪ್ಪ ಡೋಲಿನ ಹುಡುಗ ಬೂಟಿನ ದಾರ ಕಟ್ಟಲು ಐದು ಸಲ ನಿಂತ. ಐದು ಸಲವೂ ಮೆರವಣಿಗೆ ನಿಂತಿತು. ಕೆಂಪು ಕಾರು ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಟ್ಟುತ್ತ ಕಾಯಿತು. ವರ್ನಾ ಎರಡೂ ಬದಿಗೆ ಕೈ ಬೀಸಿದಳು. ಕ್ಲೀಟಸ್‌ನ ಮೆತ್ತನೆ ಸೀಟಿನ ಮೇಲೆ ಬಿಸಿಲು ಮಾತ್ರ ಕೂತಿತ್ತು.

ಸಂಜೆ ಅಂಗಳದಲ್ಲಿ ಬಾನೆಟ್‌ಗಳು ಎದ್ದವು. ಆರ್ವಿಲ್ ಎದೆಯುಬ್ಬಿಸಿ ನಿಂತ. ಪಕ್ಕದಲ್ಲಿ ಕ್ಲೀಟಸ್‌ನ ಹಳೇ ಪಿಕಪ್. ಅದರೊಳಗೂ ಅದೇ ಮುಚ್ಚಳ, ಅದೇ 850. ಆಚೆ ಇನ್ನೊಂದು, ಅದರಾಚೆ ಮತ್ತೊಂದು. ತನ್ನದೂ ಸೇರಿ ಒಟ್ಟು ಎಂಟು.

"ಎಷ್ಟರದ್ದೋ?" ಕ್ಲೀಟಸ್ ಬೆನ್ನಿಗೆ ಕೈ ಕಟ್ಟಿ ಕೇಳಿದ.

"ಬರೆದಿದೆಯಲ್ಲ. ನಿಂದು?"

"ಬರೆದಿದೆಯಲ್ಲ."

ಇಬ್ಬರೂ ಒಟ್ಟಿಗೇ ತಿರುಗಿ ಡೆಲ್ಮರ್‌ನತ್ತ ನೋಡಿದರು. ಅವನು ಬಹಳ ಶ್ರದ್ಧೆಯಿಂದ ಐಸ್‌ಕ್ರೀಮ್ ನೆಕ್ಕುತ್ತಿದ್ದ.

ವರ್ನಾ ಗಂಡನ ಪಕ್ಕಕ್ಕೆ ಬಂದು ಬಗ್ಗಿ ನೋಡಿದಳು. "ನಲವತ್ತು ವರ್ಷ ಅಡುಗೆ ಮಾಡಿದೀನಿ ಆರ್ವಿಲ್," ಅಂದಳು ಮೆಲ್ಲಗೆ. "ಮುಚ್ಚಳ ನೋಡಿ ಸಾರೆಷ್ಟು ಅಂತ ನಾನು ಲೆಕ್ಕ ಹಾಕಲ್ಲ. ನಡಿ, ಮನೆಗೆ ಕರ್ಕೊಂಡು ಹೋಗು. ನಿಧಾನವಾಗೇ."