ಹಾರೆಗೆ ಕಟ್ಟಿದ ಬೇಸ್ ಗಿಟಾರು

ಮಗಳ ಫೋನು ಬಂದಾಗ ನಾನು ತಾಂಡೂರಿನ ನಮ್ಮ ಮನೆಯ ಹಿತ್ತಲಲ್ಲಿ ಗಿಟಾರಿನ ಕುತ್ತಿಗೆಯೊಂದಕ್ಕೆ ಉಪ್ಪುಕಾಗದ ತಿಕ್ಕುತ್ತ ಕೂತಿದ್ದೆ. ಅವಳು ನಾರಾಯಣಖೇಡದಲ್ಲಿದ್ದಳು. ಜಹೀರಾಬಾದಿನ ಕಾಲೇಜಿನ ಹಾಡುವ ತಂಡದ ಜೊತೆ ಹಿಂದಿನ ದಿನವೇ ಹೋಗಿದ್ದಳು.

"ಅಪ್ಪಾ, ಬೇಸ್ ಬಾರಿಸಿ ನೋಡಿದೆ. ಆವಾಜ್ ಛಂದ ಬಂತು. ಒಮ್ಮೆ ಬೆರಳಿಗೆ ಇರಿವಿ ಕಡದಂಗ ಆತು, ಅಷ್ಟ."

"ಇರಿವಿ? ಯಾವಾಗ? ತಂತಿ ಮುಟ್ಟಿದಾಗೇನು?"

"ತಂತಿ ಮುಟ್ಟದ ಗಿಟಾರ್ ಹೆಂಗ ಬಾರಿಸ್ಬೇಕಪ್ಪಾ?"

"ಕರೆಂಟ್ ಎಲ್ಲಿಂದ ತಗೊಂಡೀರಿ?"

"ಕಂಬದಿಂದ. ಒಂದು ವೈರ್ ಕಂಬಕ್ಕ, ಇನ್ನೊಂದು ಹಾರಿಗಿ ಕಟ್ಟ್ಯಾರ. ಹಾರಿ ನೆಲದಾಗ ಬಡದಾರ. ಅಪ್ಪಾ, ಫೋನಿನಾಗ ಚಾರ್ಜ್ ಇಲ್ಲ. ಊಟ ಆದಮ್ಯಾಲ ಹಾಡು. ನೀ ಏನೂ ಕಾಳಜಿ..."

ಅಲ್ಲಿಗೆ ಫೋನು ಸತ್ತಿತು. ಕಾಳಜಿ ಮಾಡಬೇಡ ಎನ್ನುವುದಿತ್ತೋ, ಮಾಡು ಎನ್ನುವುದಿತ್ತೋ, ನನಗೆ ಎರಡೂ ಒಂದೇ.

ನಾನು ಹುಟ್ಟಾ ಅಂಜುಬುರುಕ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ಮರಳಿದವನು. ಕರಣಕೋಟ ಕಡೆಯ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಕೆಲಸ. ಅಂದರೆ ಅಂಜಿಕೆಗೇ ಪಗಾರ ಕೊಡುವ ನೌಕರಿ. ನನ್ನ ಹೆಂಡತಿ ಹೇಳುವ ಮಾತೊಂದಿದೆ: "ನಿಮಗ ಯಮ ಬಂದು ಕರದ್ರೂ ಮೊದಲ ಅವನ ಕೋಣಕ್ಕ ಅರ್ಥಿಂಗ್ ಅದನೋ ಇಲ್ಲೋ ನೋಡ್ತೀರಿ." ಆದರೆ ಆ ದಿನದ ಅಂಜಿಕೆ ಬೇರೆ. ಆ ಬೇಸನ್ನು ಮಾಡಿದವನು ನಾನು. ಅದರೊಳಗಿನ ಒಂದೊಂದು ವೈರನ್ನೂ ಬೆಸೆದವನು ನಾನು.

ಈ ಹುಚ್ಚು ನನಗೆ ಹೇಗೆ ಹತ್ತಿತೆಂದು ಕೇಳಬೇಡಿ. ಕೆಲವರು ರಜೆಯ ದಿನ ಇಸ್ಪೀಟು ಆಡುತ್ತಾರೆ, ನಾನು ಕಟ್ಟಿಗೆ ಕೆತ್ತುತ್ತೇನೆ. ನಮ್ಮೂರ ಹಾಸುಗಲ್ಲು ಊರೂರಿಗೆ ನೆಲಕ್ಕೆ ಹೋಗುತ್ತದೆ. ನನ್ನ ಮನೆಯಲ್ಲಿ ಅದರ ಒಂದು ಚಪ್ಪಡಿ ಮೇಜಿನ ಮೇಲಿದೆ. ಪಾಲಿಶ್ ಮಾಡಿದ ಆ ಕಲ್ಲಿನ ಮೇಲೆ ಗಿಟಾರಿನ ಕುತ್ತಿಗೆಯನ್ನು ಬೋರಲಾಗಿ ಇಟ್ಟು, ಅಡಿಗೆ ಸಿಗರೇಟ್ ಪಾಕೀಟಿನ ತೆಳ್ಳನೆಯ ಕಾಗದ ತೂರಿಸುತ್ತೇನೆ. ಕಾಗದ ಎಲ್ಲಿಯೂ ಒಳಗೆ ಹೋಗದಿದ್ದರೆ ಕುತ್ತಿಗೆ ನೆಟ್ಟಗಿದೆ ಎಂದರ್ಥ. ಹೋದರೆ ಮತ್ತೆ ಉಪ್ಪುಕಾಗದ. ದನಿ ಹಿಡಿಯುವ ಸುರುಳಿಗೆ ತಾಮ್ರದ ಸಣ್ಣ ತಂತಿ ಮೋಟಾರು ರಿವೈಂಡಿಂಗ್ ಅಂಗಡಿಯದು, ಆಯಸ್ಕಾಂತ ಒಡೆದ ಸ್ಪೀಕರಿನದು. ಮಗಳ ಬೇಸಿಗೆ ಸಾಗವಾನಿ ನಮ್ಮವ್ವನ ಹಳೆಯ ಪಲ್ಲಂಗದಿಂದ ಬಂತು. "ಹಾಸಿಗಿ ಕೊಯ್ದು ಪದ ಹಾಡ್ಸೋ ಮನಿತನ ಇದೊಂದೇ," ಎಂದು ಹೆಂಡತಿ ಅಂದಿದ್ದಳು.

ಬೇಸ್ ಅಂದರೆ ನಾಲ್ಕೇ ತಂತಿಯ ಗಿಟಾರು, ದಪ್ಪ ತಂತಿ, ದಪ್ಪ ದನಿ. ತಂಡದಲ್ಲಿ ತಮಟೆಯಂಥ ಡಪ್ಪು ಇತ್ತು, ಢೋಲಕಿ ಇತ್ತು. ಅವುಗಳ ಅಡಿಗೆ ನೆಲ ಗುಡುಗಿದಂತೆ ಒಂದು ದನಿ ಬೇಕೆಂದು ಮಗಳು ಹಟ ಹಿಡಿದಿದ್ದಳು. ಪ್ರತ್ಯೇಕ ರಾಜ್ಯ ಬೇಕೆಂದು ಆಗ ಇಡೀ ತೆಲಂಗಾಣವೇ ಗುಡುಗುತ್ತಿತ್ತು. ಇವತ್ತು ಬಂದ್, ನಾಳೆ ರಸ್ತಾ ರೋಕೋ, ಉಳಿದ ದಿನ ಕರೆಂಟ್ ಇಲ್ಲ. ಕರೆಂಟ್ ಇಲ್ಲದಾಗ ನಾನೊಂದು ಉಪಾಯ ಮಾಡುತ್ತಿದ್ದೆ. ಬೇಸಿನ ತಲೆಯನ್ನು ಕಟ್ಟಿಗೆಯ ಅಲ್ಮಾರಿಗೆ ಒತ್ತಿ ಹಿಡಿದು ತಂತಿ ಮೀಟಿದರೆ ಇಡೀ ಅಲ್ಮಾರಿ ಗುಂಯ್ಗುಡುತ್ತಿತ್ತು, ಒಳಗೆ ಹೆಂಡತಿಯ ಬಳೆಗಳು ಗಲಗಲ ಅನ್ನುತ್ತಿದ್ದವು. ತಂತಿ ಎಲ್ಲಿ ಕಿರುಗುಟ್ಟುತ್ತದೆಂದು ನಾನೂ ಮಗಳೂ ಅಲ್ಮಾರಿಗೆ ಕಿವಿಯಿಟ್ಟು ಕೇಳುತ್ತಿದ್ದೆವು.

ಕೊನೆಗೆ ಅದಕ್ಕೊಂದು ಪೆಟ್ಟಿಗೆ ಮಾಡಿದೆ. ಬಸ್ಸಿನ ಟಾಪಿನ ಮೇಲಿಂದ ಬಿದ್ದರೂ ಬೇಸ್ ಉಳಿಯಬೇಕೆಂದು ದಪ್ಪ ಹಲಗೆ ಹಾಕಿದ್ದರಿಂದ ಅದನ್ನು ಎತ್ತಲು ಇಬ್ಬರು ಬೇಕಾಯಿತು. ಓಣಿಯವರು ಅದನ್ನು ನೋಡಿ, "ಯಾರ್ ತೀರಿಕೊಂಡ್ರು ರೀ?" ಎಂದು ಕೇಳಿದರು.

ಈಗ ಆ ಹಾರೆಯ ವಿಷಯ. ನಮ್ಮ ಕಡೆ ಲೈನಿನಲ್ಲಿ ಎಷ್ಟೋ ಸಲ ಕರೆಂಟು ಬರುವ ತಂತಿ ಮಾತ್ರ ಜೀವಂತ, ಮರಳಿ ಹೋಗುವ ತಂತಿ ಸತ್ತಿರುತ್ತದೆ. ಅದಕ್ಕೆ ಜನ ನೆಲಕ್ಕೊಂದು ಹಾರೆ ಬಡಿದು, ಭೂಮಿತಾಯಿಯನ್ನೇ ಮರಳಿ ಹೋಗುವ ತಂತಿ ಮಾಡಿಕೊಳ್ಳುತ್ತಾರೆ. ಹೊಲದ ಮೋಟಾರು, ಮದುವೆಯ ಲೈಟು ಎಲ್ಲ ಹೀಗೇ. ನೆಲ ಹಸಿಯಾಗಿರುವ ತನಕ ನಡೆಯುತ್ತದೆ. ಒಣಗಿತೋ, ಕರೆಂಟು ಕೆಳಗಿಳಿಯಲಾರದೆ ಹಾರೆಯ ಮೇಲೇ ನಿಲ್ಲುತ್ತದೆ. ಹಾರೆಗೆ ಕಟ್ಟಿದ ಎಲ್ಲದರ ಮೇಲೂ ನಿಲ್ಲುತ್ತದೆ.

ಹಾರೆಗೆ ಅವರು ಕಟ್ಟಿದ್ದು ಬೇಸಿನ ದನಿ ಏರಿಸುವ ಆಂಪ್ಲಿಫೈಯರನ್ನು, ಅದರ ಕಬ್ಬಿಣದ ಮೈಸಹಿತ. ಆಂಪ್ಲಿಫೈಯರಿನ ಮೈಯಿಂದ ಒಂದು ವೈರು ಬೇಸಿನೊಳಗೆ ಬಂದು ತಂತಿಗಳನ್ನು ಮುಟ್ಟುತ್ತದೆ. ಆ ವೈರು ಇಲ್ಲದಿದ್ದರೆ ಗಿಟಾರು ಜೇನುಗೂಡಿನ ಹಾಗೆ ಗುಂಯ್ಗುಡುತ್ತದೆ. ಅದನ್ನು ಹಾಕುವುದೇ ರೂಢಿ, ನಾನೂ ಹಾಕಿದ್ದೆ. ಅಂದರೆ ಹಾರೆಯಿಂದ ನನ್ನ ಮಗಳ ಬೆರಳಿನ ತನಕ ದಾರಿ ಸಲೀಸಾಗಿತ್ತು. ಮುಂಜಾನೆಯ ತಂಪಿನಲ್ಲಿ ಇರುವೆ ಕಚ್ಚಿತ್ತು. ಮಧ್ಯಾಹ್ನದ ಬಿಸಿಲಿಗೆ ಏನು ಕಚ್ಚುತ್ತದೆಂದು ನನಗೆ ಗೊತ್ತಿತ್ತು.

ಬಂದ್ ಇದ್ದುದರಿಂದ ಬಸ್ಸಿಲ್ಲ. ಗಾಡಿ ತೆಗೆದೆ. ಹೆಂಡತಿ ಹಿಂದೆ ಕೂತಳು. ನಾನು ಎರಡೆರಡು ಟೆಸ್ಟರ್ ಜೇಬಿಗೆ ಹಾಕಿಕೊಂಡು ನೀರಿನ ಬಾಟಲಿ ಮರೆತದ್ದನ್ನು ಅವಳು ಊರ ಹೊರಗೆ ಬರುವವರೆಗೂ ಆಡಿಕೊಂಡಳು. ಆಮೇಲೆ ನನ್ನ ಭುಜ ಹಿಡಿದು, "ಒಂಚೂರು ಜೋರ್ ಹೊಡೀರಿ," ಎಂದಳು.

ಜಹೀರಾಬಾದ್ ಹತ್ತಿರ ದಾರಿ ಕಟ್ಟಿತ್ತು. ರಸ್ತೆಗೆ ಅಡ್ಡ ಕಲ್ಲು, ಕಲ್ಲಿನ ಹಿಂದೆ ಒಲೆ, ಒಲೆಯ ಮೇಲೆ ದೊಡ್ಡ ದೊಡ್ಡ ಡೇಗು. ನಡುರಸ್ತೆಯಲ್ಲೇ ಅಡುಗೆ ಮಾಡಿ ಅಲ್ಲೇ ಉಣ್ಣುವುದು ಆ ದಿನಗಳ ಚಳವಳಿಯ ಪದ್ಧತಿ. ಹೆಗಲ ಮೇಲೆ ಟವೆಲು ಹಾಕಿಕೊಂಡವನೊಬ್ಬ ಗಾಡಿಗೆ ಕೈ ಅಡ್ಡ ಹಿಡಿದ.

"ಜೈ ತೆಲಂಗಾಣ ಅನ್ರಿ."

ನಾನು ಎಷ್ಟು ಜೋರಾಗಿ, ಎಷ್ಟು ಲಗುಬಗೆಯಿಂದ ಅಂದೆನೆಂದರೆ ಅವನಿಗೆ ನನ್ನ ಮೇಲೆಯೇ ಸಂಶಯ ಬಂತು.

"ಯಾಕ ಇಷ್ಟು ಅವಸರ? ಕೂಡ್ರಿ. ಉಣ್ಣದ ಬಿಡಂಗಿಲ್ಲ ಇವತ್ತ."

"ಅಣ್ಣಾ, ಭಾಳ ಅರ್ಜೆಂಟ್ ಅದ..."

"ತೆಲಂಗಾಣ ಊಟಕ್ಕಿಂತ ಅರ್ಜೆಂಟಾ?"

ಜಗಳವಾಡುವವನಿಂದ ತಪ್ಪಿಸಿಕೊಳ್ಳಬಹುದು, ಉಣ್ಣು ಎನ್ನುವವನಿಂದ ಹೇಗೆ? ನಾನು ಕರೆಂಟು, ಹಾರೆ, ಅರ್ಥಿಂಗ್ ಎಂದು ತೊದಲುತ್ತಿದ್ದೆ. ಹೆಂಡತಿ ಕೆಳಗಿಳಿದಳು.

"ತಮ್ಮಾ, ನಮ್ಮ ಹುಡುಗಿ ಖೇಡದಾಗ ನಿಮ್ಮ ಸಲುವಾಗೇ ಹಾಡಾಕ ಹೋಗ್ಯಾಳ. ಅಕಿಗಿ ಕರೆಂಟ್ ಹೊಡಿತದಂತ ಈ ಮನಿಷಾಗ ಜೀವ ನಿಂತಿಲ್ಲ. ಇವರಿಗಿ ಅನ್ನ ಇಳಿಯಾಂಗಿಲ್ಲ. ಕಟ್ಟಿ ಕೊಡ್ರಿ, ಒಯ್ತೀವಿ."

ಪೇಪರಿನಲ್ಲಿ ರೊಟ್ಟಿ ಪುಂಡಿಪಲ್ಯ ಕಟ್ಟಿಕೊಟ್ಟು ಕಲ್ಲು ಸರಿಸಿದರು. ಅಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಅಲ್ಲಿಂದ ನಾರಾಯಣಖೇಡದ ತನಕ ಎರಡೂ ಕಡೆ ಎರೆನೆಲ ಬಾಯಿ ಬಿಟ್ಟುಕೊಂಡಿತ್ತು. ಪ್ರತಿಯೊಂದು ಬಿರುಕೂ ನನಗೇ ಏನೋ ಹೇಳುವಂತಿತ್ತು. ಫೋನು ಹಚ್ಚಿದಾಗಲೆಲ್ಲ ಸ್ವಿಚ್ಡ್ ಆಫ್.

ಊರ ಹೊರಗೆ ಅದೇ ನಮೂನೆ ಕಲ್ಲು, ಒಲೆ, ಜನ. ಊಟ ಮುಗಿದಿತ್ತು. ಟ್ರ್ಯಾಕ್ಟರಿನಿಂದ ಬಿಡಿಸಿದ ಟ್ರೇಲರ್ ಒಂದು ಸ್ಟೇಜಾಗಿತ್ತು. ಅದರ ಮುಂದಿನ ಕಬ್ಬಿಣದ ಕಾಲು ನೆಲಕ್ಕೆ ಊರಿತ್ತು. ಮೈಕ್ ಸೆಟ್ ಬ್ಯಾಟರಿಯ ಮೇಲಿತ್ತು. ಅದರ ಬಗ್ಗೆ ಅಂಜಿಕೆಯಿರಲಿಲ್ಲ. ಅಂಜಿಕೆಯಿದ್ದದ್ದು ಕಂಬದಿಂದ ಇಳಿದ ಆ ಒಂದು ವೈರಿನದು, ಬದಿಗಿದ್ದ ಹಾರೆಯದು. ಮುಂಜಾನೆ ಅಡುಗೆಯವರು ಅಕ್ಕಿ ತೊಳೆದ ನೀರನ್ನು ಹಾರೆಯ ಬುಡಕ್ಕೇ ಚೆಲ್ಲಿದ್ದರು. ಆ ನೀರು ಆರಿ, ಮಣ್ಣಿನ ಮೇಲೆ ಗಂಜಿಯ ಬಿಳಿ ಪೊರೆ ಮಾತ್ರ ಉಳಿದಿತ್ತು.

ಟ್ರೇಲರಿನ ಕೆಳಗೆ ಚಪ್ಪಲಿಗಳ ಸಾಲು. ಮಗಳ ರಬ್ಬರ್ ಚಪ್ಪಲಿಯೂ ಅಲ್ಲೇ. ಮುಂಜಾನೆ ಅದನ್ನು ಹಾಕಿಕೊಂಡೇ ಬಾರಿಸಿ ನೋಡಿದ್ದಳು. ಈಗ ಸ್ಟೇಜಿನ ಅಂಚಿಗೆ ತೆಲಂಗಾಣ ತಾಯಿಯ ಪಟಕ್ಕೆ ಹಾರ ಬಿದ್ದಿತ್ತು. ಪಟದ ಮುಂದೆ ಯಾರೂ ಚಪ್ಪಲಿ ಹಾಕುವುದಿಲ್ಲ. ಅವಳು ಕಾಲಿಗೆ ಗೆಜ್ಜೆ ಕಟ್ಟಿಕೊಂಡು, ಕಬ್ಬಿಣದ ಟ್ರೇಲರಿನ ಮೇಲೆ ಬರಿಗಾಲಲ್ಲಿ, ಬೇಸಿನ ಕಡೆ ನಡೆಯುತ್ತಿದ್ದಳು.

ನಾನು ಹೇಗೆ ಮೇಲೆ ಹತ್ತಿದೆನೋ ತಿಳಿಯದು. ಅವಳಿಗೂ ಬೇಸಿಗೂ ನಡುವೆ ನಿಂತೆ.

"ಮುಟ್ಟಬ್ಯಾಡ!"

"ಅಪ್ಪಾ?" ಅವಳ ಮುಖ ಕೆಂಪಾಯಿತು. "ನೀ ಯಾಕ ಬಂದಿ? ಎಲ್ಲರೂ ನೋಡ್ಲಾತಾರ."

ಮೈಕ್ ಸೆಟ್ಟಿನವನು ನಗುತ್ತ ಬಂದ. "ಏಂ ಕಾದು ಸಾರ್, ಏನೂ ಆಗಲ್ಲ. ಎಷ್ಟು ಸಭಾ ಮಾಡೀನಿ, ಎಲ್ಲಾ ಇದೇ ಹಾರಿ."

ನಾನು ಟೆಸ್ಟರ್ ತೆಗೆದು ಬೇಸಿನ ತಂತಿಗೆ ಹಚ್ಚಿದೆ. ಆ ಉರಿಬಿಸಿಲಲ್ಲಿ ಟೆಸ್ಟರಿನ ಸಣ್ಣ ದೀಪ ಹತ್ತಿದರೆ ಯಾರಿಗೆ ಕಾಣಬೇಕು? ಕೈ ಮರೆ ಮಾಡಿ ನೋಡಿದೆ. ಎರಡನೆಯ ಟೆಸ್ಟರೂ ಹಚ್ಚಿದೆ, ಹತ್ತಿತೋ ಇಲ್ಲವೋ ತಿಳಿಯಲಿಲ್ಲ. ಕೆಳಗಿನಿಂದ ಯಾರೋ, "ಡಾಕ್ಟರ್ ಸಾಬ್, ಬುಖಾರ್ ಹೈ ಕ್ಯಾ?" ಎಂದು ಕೂಗಿ ಬೇಸಿನ ಜ್ವರ ವಿಚಾರಿಸಿದರು. ಜನ ನಕ್ಕರು.

ಉಳಿದದ್ದು ಹಳೆಯ ಉಪಾಯ, ಯಾರೂ ಮಾಡಬೇಡಿ ಎಂದು ಕಾರ್ಖಾನೆಯಲ್ಲಿ ನಾನೇ ಹೇಳುವಂಥದು. ಅಂಗೈ ತಿರುಗಿಸಿ, ಬೆರಳಿನ ಹಿಂಬದಿಯಿಂದ ತಂತಿ ಮುಟ್ಟಿದೆ. ಏನೂ ಇಲ್ಲ. ಇನ್ನೊಮ್ಮೆ ಮುಟ್ಟಿದೆ. ಏನೂ ಇಲ್ಲ. ಮಗಳು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟೂ ಇರಲಿಲ್ಲ. ಅವಳು ಸಣ್ಣವಳಿದ್ದಾಗಿನಿಂದ ಅದು ಬೀಳುತ್ತದೆ, ಇದು ಸುಡುತ್ತದೆ ಎಂದು ನಾನು ಕೂಗಿದ್ದೆಲ್ಲ ಆ ನೋಟದಲ್ಲಿತ್ತು. ನನಗೂ ಅನ್ನಿಸಿತು: ಈ ಸಲವೂ ಬರೀ ನನ್ನ ಹುಚ್ಚೇ ಇರಬೇಕು. ಇಳಿದುಬಿಡೋಣ.

ಆಗ ಮುಂದೆ ಕೂತಿದ್ದ ಮುದುಕರೊಬ್ಬರು ಕೋಲೆತ್ತಿ ಗದರಿದರು. "ಏ ಮಾರಾಯ! ತಾಯಿ ಪಟದ ಮುಂದ ಚಪ್ಪಲ್ ಹಾಕ್ಕೊಂಡು ನಿಂತೀದಿ. ತೆಗಿ ಮೊದಲ!"

ಕೆಳಗೆ ನೋಡಿಕೊಂಡೆ. ಹವಾಯಿ ಚಪ್ಪಲಿ. ರಬ್ಬರು.

ಬಿಟ್ಟೆ. ಬಿಸಿಲಿಗೆ ಕಾದ ಕಬ್ಬಿಣದ ಮೇಲೆ ಅಂಗಾಲು ಚುರ್ ಎಂದಿತು. ಮತ್ತೆ ಕೈ ಚಾಚಿದೆ.

ಮುಟ್ಟಿದ್ದು ನೆನಪಿಲ್ಲ. ಕೈ ತಾನಾಗಿ ಹಿಂದಕ್ಕೆ ಹಾರಿ ಢೋಲಕಿಗೆ ಬಡಿಯಿತು. ಆ ದಿನದ ಕಾರ್ಯಕ್ರಮದ ಮೊದಲ ಪೆಟ್ಟು ನನ್ನದೇ. ನಾನು ಕೂತುಬಿಟ್ಟಿದ್ದೆ. ಭುಜದ ತನಕ ಯಾರೋ ಹಿಂಡಿದಂತಿತ್ತು. ಜನ ಇದೂ ಆಟವೆಂದು ಇನ್ನಷ್ಟು ನಕ್ಕರು. ಮಗಳು ನಗಲಿಲ್ಲ. ನಿಮಿರಿ ನಿಂತಿದ್ದ ನನ್ನ ಮುಂಗೈಯ ಕೂದಲನ್ನೂ, ತನ್ನ ಬರಿಗಾಲನ್ನೂ ನೋಡಿದಳು.

"ಕಂಬದ ಕೊಂಡಿ ತೆಗೀರಿ ಮೊದಲ," ಎಂದು ಮೈಕಿನವನಿಗೆ ಹೇಳಿದಳು.

"ಅಮ್ಮಾ, ಹಾರಿಗಿ ಒಂದು ಕೊಡ ನೀರು ಹಾಕಿದ್ರ..."

"ಒಂದು ಪದ ಮುಗಿಯೋತನ ಆರ್ತದ ಆ ನೀರು. ತೆಗೀರಿ."

ಅವನು ಒಣ ಬಿದಿರು ಹುಡುಕಿ ತಂದು ಕಂಬದ ಕೊಂಡಿ ತೆಗೆದ. ಏನೂ ಆಗಲ್ಲ ಎಂದವನು ಬಿದಿರಿನ ತುತ್ತತುದಿ ಹಿಡಿದಿದ್ದನ್ನು ನಾನು ನೋಡಿದೆ. ಆಂಪ್ಲಿಫೈಯರಿನ ದೀಪ ಆರಿತು. ನನ್ನ ಎದೆ ಆಗ ಹಗುರವಾಗಬೇಕಿತ್ತು. ಆದರೆ ತಂಡದವರು, "ಇರ್ಲಿ ಬಿಡು, ಬೇಸ್ ಇಲ್ಲದೇ ಹಾಡೋಣ," ಎಂದಾಗ ಅವಳ ಮುಖ ನೋಡಲಾಗಲಿಲ್ಲ. ಕರೆಂಟಿಲ್ಲದ ಬೇಸ್ ಎಂದರೆ ಪಲ್ಲಂಗದ ತುಂಡು, ಅಷ್ಟೇ.

ಅವಳು ಬೇಸಿನಿಂದ ವೈರು ಕಿತ್ತಳು. ಆಮೇಲೆ ಟ್ರೇಲರಿನ ಮೂಲೆಯಲ್ಲಿದ್ದ, ನಾನು ಮಾಡಿದ ಆ ಹೆಣದ ಪೆಟ್ಟಿಗೆಯನ್ನು ಎಳೆಯತೊಡಗಿದಳು.

"ಅಪ್ಪಾ, ಏನ್ ನೋಡ್ತಿ? ಹಿಡಿ. ಅಲ್ಮಾರಿಗಿ ಹಚ್ಚಿದಂಗ ಹಚ್ಚೋಣು."

ಇಬ್ಬರೂ ಸೇರಿ ಎಳೆದೆವು. ಪೆಟ್ಟಿಗೆಯ ಬಾಯಿ ಒಂದಿಷ್ಟು ತೆರೆದು, ಬ್ಯಾಟರಿಯ ಮೈಕನ್ನು ಒಳಗೆ ಬಗ್ಗಿಸಿದಳು. ಪಕ್ಕದಲ್ಲಿ ಕೂತು ಬೇಸಿನ ತಲೆಯನ್ನು ಹಲಗೆಗೆ ಒತ್ತಿ ಹಿಡಿದಳು. ಅವಳ ಬೆರಳು ತಂತಿಯ ಹತ್ತಿರ ಹೋದಾಗ, ಎಲ್ಲ ಕಿತ್ತದ್ದು ಗೊತ್ತಿದ್ದೂ ನಾನು ಕಣ್ಣು ಮುಚ್ಚಿದೆ.

ಕೊಡದೊಳಗೆ ಯಾರೋ ಕೆಮ್ಮಿದ ಹಾಗೆ ಒಂದು ದನಿ ಬಂತು. ಛಂದವೆಂದು ಹೇಳಲಾರೆ. ಡಪ್ಪು ಸೇರಿತು, ಗೆಜ್ಜೆ ಸೇರಿತು, ಜನ ಚಪ್ಪಾಳೆಯಲ್ಲಿ ತಾಳ ಹಿಡಿದರು. ಆ ಕೆಮ್ಮು ಅವೆಲ್ಲದರ ಅಡಿಗೆ ಹೋಗಿ ಕೂತಿತು. ನಾನು ಬರಿಗಾಲಲ್ಲೇ ಇಳಿದು, ಟ್ರೇಲರಿನ ಅಂಚಿಗೆ ಕೈಯಿಟ್ಟು ನಿಂತೆ. ಕಬ್ಬಿಣ ನಡುಗುತ್ತಿತ್ತು. ಹೆಂಡತಿ ರೊಟ್ಟಿಯ ಕಟ್ಟು ಬಿಚ್ಚಿ ನನ್ನ ಕೈಗೊಂದು ಕೊಟ್ಟಳು. ಇನ್ನೊಂದು ಕೈಯನ್ನು ಟ್ರೇಲರಿನಿಂದ ತೆಗೆಯದೆಯೇ ತಿಂದೆ.

ಹಾಡು ಮುಗಿದ ಮೇಲೆ ಮಗಳು ಬೆವರು ಒರೆಸಿಕೊಳ್ಳುತ್ತ ಅಂಚಿಗೆ ಬಂದು ಬಗ್ಗಿದಳು. ನನ್ನ ಕೈ ಹಿಡಿದು, ಬೆರಳು ಮಡಚಿ ತೆರೆದು, ಎಲ್ಲ ಸರಿ ಇವೆಯೋ ನೋಡಿದಳು. ಹಾಗೆ ನೋಡುವುದು ನನ್ನ ಅಭ್ಯಾಸ.

"ಅಪ್ಪಾ, ಆ ಪೆಟಿಗಿ ಇನ್ನಾ ಒಂಚೂರು ದೊಡ್ಡದು ಮಾಡ್ಬೇಕಿತ್ತು ನೋಡು."