ಗೋಡೆಯ ಮೇಲಿನ ನಿಂಬೆಹಣ್ಣು

ಒಂದೆರಡು ವಿವರ ನನ್ನ ನೆನಪಿನಲ್ಲಿ ತಪ್ಪಿದ್ದರೂ ತಪ್ಪಿರಬಹುದು. ಆದರೆ ಧಾರವಾಡದಿಂದ ಬಂದ ನನ್ನ ಸೋದರತ್ತೆ ಪುಣೆಯ ಹಡಪಸರದ ನಮ್ಮ ಮನೆಯ ಬಾಗಿಲಲ್ಲೇ ನಿಂತುಬಿಟ್ಟದ್ದು ಮಾತ್ರ ನಿಜ. ಎದುರಿನ ಗೋಡೆಯಲ್ಲಿ ನಾನು ಆಸೆಪಟ್ಟು ತಂದಿದ್ದ, ಶತಮಾನಗಳ ಹಿಂದಿನ ಡಚ್ ವರ್ಣಚಿತ್ರವೊಂದರ ಪ್ರತಿ ಇತ್ತು: ತಲೆಬುರುಡೆ, ಆರಿದ ಮೇಣದಬತ್ತಿ, ಅರ್ಧ ಸುಲಿದ ನಿಂಬೆಹಣ್ಣು.

“ಅಯ್ಯ, ಯಾರೋ ಮಾಟಾ ಮಾಡಿಟ್ಟಿದ್ದನ್ನ ಗ್ವಾಡಿಗೆ ಹಾಕೀಯಲ್ಲವಾ! ಅರಿಶಿನ-ಕುಂಕುಮಕ್ಕ ಹೆಣ್ಮಕ್ಕಳು ಬರೂದ್ರೊಳಗ ತಗದಿಡು.”

ಹೆಂಗಸರು ಬರಲು ಒಂದು ಗಂಟೆಯೋ ಅರ್ಧ ಗಂಟೆಯೋ ಇತ್ತು. ಚಿತ್ರವನ್ನು ಉಳಿಸಿಕೊಳ್ಳಲು ಕಾಲೇಜಿನಲ್ಲಿ ಓದಿದ್ದನ್ನೆಲ್ಲ ಹೇಳಿದೆ: ಬುರುಡೆ ಎಂದರೆ ಸಾವು, ಬತ್ತಿ ಎಂದರೆ ಮುಗಿದ ಆಯುಸ್ಸು, ನಿಂಬೆ ಎಂದರೆ ನೋಡಲು ಚೆಂದವಾಗಿದ್ದೂ ಒಳಗೆ ಹುಳಿಯಾದ ಸುಖ. ಅತ್ತೆ ಕನ್ನಡಕ ಏರಿಸಿ ಹತ್ತಿರದಿಂದ ಬಹಳ ಹೊತ್ತು ನೋಡಿದರು.

“ಬುರುಡಿ ಹ್ಯಾಂಗೋ ಬರದು ಮುಗಿಸ್ಯಾನ. ನಿಂಬಿಹಣ್ಣು ನೋಡು, ರಸ ಇನ್ನೂ ಹೊಳೀಲಿಕ್ಕತ್ತದ. ಅಂವಗ ಸಾಯೂ ಚಿಂತಿ ಎಲ್ಲಿತ್ತು? ಬಾಯಾಗ ನೀರು ಬಂದಿತ್ತು! ಇರಲಿ ಬಿಡು.”

ಚಿತ್ರ ಉಳಿಯಿತು. ಅಂದಿನಿಂದ ನನಗೂ ಅದರಲ್ಲಿ ಮೊದಲು ಕಾಣುವುದು ಆ ನಿಂಬೆಹಣ್ಣೇ. ಆದರೆ ಹೆಂಗಸರು ಬರುವಷ್ಟರಲ್ಲಿ ಅತ್ತೆ ಚಿತ್ರ ತೂಗಿದ್ದ ಮೊಳೆಗೇ ನಿಜವಾದ ನಿಂಬೆ-ಮೆಣಸಿನಕಾಯಿ ಪೋಣಿಸಿ ಕಟ್ಟಿದ್ದರು. ಆಗ ನಾನು ಕೇಳಿದ್ದನ್ನು ನೆನೆದು ಅವರು ಈಗಲೂ ಫೋನಿನಲ್ಲಿ ನಗುತ್ತಾರೆ: “ಅತ್ತಿ, ನಮ್ಮ ದೃಷ್ಟಿ ಚಿತ್ರಕ್ಕ ತಾಗಬಾರದಂತೋ, ಚಿತ್ರದ್ದು ನಮಗ ತಾಗಬಾರದಂತೋ?”