ಕತ್ತರಿ ಅಕ್ಕನ ಮೊದಲ ಸಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಾಂಡ್ರಿಯ ಹಿಂಬದಿಯಲ್ಲಿ ಒಗೆಯುವ ಯಂತ್ರಗಳು ಆಗಲೇ ಗುಡುಗುಡು ಎನ್ನುತ್ತಿವೆ. ಮುಂದಿನ ಕೋಣೆಯ ಉದ್ದನೆಯ ಮೇಜಿನ ಮೇಲೆ ಒಬ್ಬ ಹೆಂಗಸು ಯಜಮಾನರು ಬರೆದ ಪತ್ರವನ್ನು ಕತ್ತರಿಯಿಂದ ಚೂರು ಮಾಡುತ್ತಿದ್ದಾರೆ. ಒಂದು ಮಾತಿಗೆ ಒಂದು ಚೂರು. ಎದುರಿಗೆ ನಿಂತ ಯಜಮಾನರ ಮುಖ ನೋಡಿದರೆ, ಅವರು ತೊಟ್ಟಿರುವ ಅಂಗಿಗೇ ಕತ್ತರಿ ಹಾಕಿದ ಹಾಗಿದೆ.

"ರಾತ್ರಿಯೆಲ್ಲ ಕೂತು ಬರ್ದಿದೀನಿ ಕಣಮ್ಮ."

"ಗೊತ್ತಾಗತ್ತೆ ಯಜಮಾನ್ರೇ. ಓದೋಕೂ ಅಷ್ಟೇ ಹೊತ್ತು ಬೇಕು."

ಇವರನ್ನು ಇಲ್ಲಿ ಎಲ್ಲರೂ ಕರೆಯುವುದು ಕತ್ತರಿ ಅಕ್ಕ ಎಂದೇ. ಲಾಂಡ್ರಿಯಿಂದ ಹೊರಗೆ ಹೋಗುವ ಒಂದೊಂದು ಪತ್ರವೂ ಇವರ ಕೈ ದಾಟಿಯೇ ಹೋಗಬೇಕು. ಗಿರಾಕಿಗಳಿಗೆ ಉತ್ತರ, ಸೋಪಿನ ವ್ಯಾಪಾರಿಗೆ ತಕರಾರು, ಯಂತ್ರದ ಕಂಪನಿಗೆ ಬೇಡಿಕೆ, ಹೀಗೆ ದಿನಕ್ಕೆ ಎಂಟೋ ಹತ್ತೋ. ಇವತ್ತು ಮಾತ್ರ ಇರುವುದು ಒಂದೇ. ಹೋದ ವಾರ ಆಸ್ಪತ್ರೆಗೆ ಕಳಿಸಿದ ಹಾಸುಗಳು ಕಲೆಯ ಸಮೇತ ಹಿಂದಕ್ಕೆ ಬಂದಿವೆ. ಒಂಬತ್ತಕ್ಕೆ ಆಸ್ಪತ್ರೆಯಲ್ಲಿ ಸಭೆ. ಅಷ್ಟರೊಳಗೆ ಉತ್ತರ ಹೋಗದಿದ್ದರೆ, ಹೋಗಿಯೂ ಅವರಿಗೆ ಒಪ್ಪಿಗೆಯಾಗದಿದ್ದರೆ, ಕೆಲಸ ಬೇರೆಯವರ ಪಾಲು. ಲಾಂಡ್ರಿಗೆ ಬರುವ ಬಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಸ್ಪತ್ರೆಯದೇ. ಅದು ಹೋದರೆ ರಾತ್ರಿ ಪಾಳಿ ಮುಚ್ಚುತ್ತದೆ. ರಾತ್ರಿ ಪಾಳಿಯಲ್ಲಿ ಅಕ್ಕನ ಒಡಹುಟ್ಟಿದ ತಂಗಿ ಬಟ್ಟೆ ಮಡಿಸುತ್ತಾಳೆ. ಇವತ್ತು ಪಾಳಿ ಮುಗಿದರೂ ಅವಳು ಮನೆಗೆ ಹೋಗಿಲ್ಲ. ಬಾಗಿಲಿಗೆ ಒರಗಿ ನಿಂತಿದ್ದಾಳೆ.

ಅಕ್ಕನೂ ಮೊದಲು ಬಟ್ಟೆ ಮಡಿಸುತ್ತಿದ್ದವರೇ. ಬಟ್ಟೆ ಒತ್ತುವ ಯಂತ್ರದ ಬಿಸಿ ಉರುಳೆಗೆ ಬಲಗೈ ಸಿಕ್ಕಿ ಎರಡು ಬೆರಳು ಮಡಚಲಾಗದೆ ಹೋದಾಗ ಯಜಮಾನರು ಕುರ್ಚಿ ಕೊಟ್ಟು ಕೂರಿಸಿದರು. ಬರೆಯುವುದನ್ನು ಕಲಿಸಿದವರು ಯಾರೂ ಇಲ್ಲ. ಮೊದಲ ಪತ್ರದಲ್ಲೇ ಪಾಠವಾಯಿತು. ಸೋಪಿನಲ್ಲಿ ನೊರೆ ಬರುತ್ತಿಲ್ಲ ಎಂದು ವ್ಯಾಪಾರಿಗೆ ಬರೆಯಬೇಕಿತ್ತು. ಮರ್ಯಾದೆಗೆಂದು ಹಾಳೆಯ ಮುಂಬದಿಯ ತುಂಬ ಅವರ ಅಂಗಡಿಯನ್ನು ಹೊಗಳಿ, ತಕರಾರನ್ನು ಹಿಂಬದಿಗೆ ಹಾಕಿದರು. ವ್ಯಾಪಾರಿ ಪುಟ ತಿರುವಲೇ ಇಲ್ಲ. ಅದೇ ಸೋಪನ್ನು ಇನ್ನೊಂದು ಗಾಡಿ ಕಳಿಸಿ, ಪತ್ರಕ್ಕೆ ಚೌಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದ.

"ಈಗಲೂ ಅಲ್ಲೇ ಇದೆ," ಎನ್ನುತ್ತಾರೆ ಅಕ್ಕ. "ಆ ದಾರೀಲಿ ಹೋದ್ರೆ ತಲೆ ತಗ್ಗಿಸ್ಕೊಂಡು ಹೋಗ್ತೀನಿ."

ಚೂರುಗಳು ಈಗ ರಾಶಿಯಾಗುತ್ತಿವೆ. ಒಗೆಯಲು ಬಂದ ಬಟ್ಟೆಯನ್ನು ಬರೀ ಕೊಳೆ, ಕಲೆ, ಹರಿದದ್ದು ಎಂದು ಬೇರೆ ಮಾಡುವ ಹಾಗೆಯೇ ಕಾಗದಕ್ಕೂ ಮೂರು ರಾಶಿ: ಆದದ್ದು, ಮಾಡುವುದು, ನಮ್ಮ ಸಂಕಟ. ಮೂರನೆಯದು ಗುಡ್ಡದಂತಿದೆ. ಕೂಲಿ ಏರಿದ್ದು, ನೀರು ಸಾಲದ್ದು, ಯಜಮಾನರ ತಂದೆ ಬರಿಗೈಯಲ್ಲಿ ಲಾಂಡ್ರಿ ಕಟ್ಟಿದ್ದು. ಅಕ್ಕ ಆ ಗುಡ್ಡವನ್ನು ಮೊಣಕೈಯಿಂದ ಮೆಲ್ಲಗೆ ಆಚೆಗೆ ತಳ್ಳುತ್ತಾರೆ.

"ನಮ್ಮಪ್ಪನ್ನೂ ತಳ್ಬಿಟ್ಟೆಯಲ್ಲಮ್ಮ."

"ಅವರು ದೊಡ್ಡೋರು, ಬೇಜಾರು ಮಾಡ್ಕೊಳಲ್ಲ. ನಮ್ಮ ಸಂಕಟ ನಮಗೆ. ಓದೋರಿಗೆ ಅವರದ್ದೇ ಬೇಕಾದಷ್ಟಿರತ್ತೆ."

ಅಕ್ಕ ಮೇಲಕ್ಕೆ ಇಟ್ಟ ಚೂರನ್ನು ಯಜಮಾನರು ಬಗ್ಗಿ ನೋಡುತ್ತಾರೆ. ಬಿಸಿನೀರಿನ ಕೊಳವೆ ಒಡೆದಿತ್ತು, ಉಗುರುಬೆಚ್ಚಗಿನ ನೀರಲ್ಲೇ ಒಗೆದು ಕಳಿಸಿದೆವು, ತಪ್ಪು ನಮ್ಮದು. ಯಜಮಾನರ ಪತ್ರದಲ್ಲಿ ಈ ಮಾತು ಕಡೆಯ ಪುಟದ ಮೂಲೆಯಲ್ಲಿ ಮುದುಡಿ ಕೂತಿತ್ತು.

"ಮೊದಲನೇ ಸಾಲಲ್ಲೇ ಹೋಗಿ ಕುತ್ತಿಗೆ ಕೊಡ್ಬೇಕಾ?"

"ಕಲೆ ಅವರ ಕಣ್ಣಿಗೆ ಬಿದ್ದಾಗಿದೆ ಯಜಮಾನ್ರೇ. ಮುಚ್ಚಿಟ್ರೆ ಅದನ್ನೇ ಹುಡುಕ್ತಾ ಓದ್ತಾರೆ. ಬೇರೇನೂ ತಲೆಗೆ ಹೋಗಲ್ಲ."

ಯಜಮಾನರು ಗೋಡೆಯ ಗಡಿಯಾರದ ಕಡೆ ನೋಡಿ, ಚೂರನ್ನು ಅಲ್ಲೇ ಬಿಡುತ್ತಾರೆ.

ಪತ್ರ ಒಂದೇ ಪುಟಕ್ಕೆ ಇಳಿದಿದೆ. ಆದರೂ ಅಕ್ಕ ಸಹಿಗೆ ಕೊಡುವುದಿಲ್ಲ. ಯಾವ ಪತ್ರವನ್ನೇ ಆಗಲಿ, ಅದರ ಗಂಧಗಾಳಿ ಇಲ್ಲದ ಒಬ್ಬರಿಗೆ ಓದಿ ಹೇಳಬೇಕು. ಅವರು ತಿರುಗಿ ಏನಾದರೂ ಕೇಳಿದರೆ ಪತ್ರ ಮುಗಿದಿಲ್ಲ ಎಂದರ್ಥ. ಇವತ್ತು ಸಿಕ್ಕವರು ಇಸ್ತ್ರಿ ಮಾವ. ಅವರು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಕಣ್ಣು ಮುಚ್ಚಿ ಕೇಳುತ್ತಾರೆ. ತಪ್ಪು ಒಪ್ಪಿದ್ದು, ಕೊಳವೆ ಬದಲಿಸಿದ್ದು, ಇನ್ನು ಮುಂದೆ ನೀರಿನ ಬಿಸಿ ನೋಡದೆ ಬಟ್ಟೆ ಹಾಕುವುದಿಲ್ಲ ಎಂದದ್ದು, ಎಲ್ಲ ಕೇಳಿ ತಲೆದೂಗುತ್ತಾರೆ.

"ಎಲ್ಲ ಸರಿ ಕಣಮ್ಮ. ಹಾಸೆಲ್ಲ ಇಲ್ಲೇ ಬಿದ್ದಿದಾವೆ. ಇವತ್ತು ಅವರು ರೋಗಿಗಳನ್ನ ಯಾವುದರ ಮೇಲೆ ಮಲಗಿಸ್ಬೇಕು?"

ಅಕ್ಕನ ಕೈ ಅಲ್ಲೇ ನಿಲ್ಲುತ್ತದೆ. ಮೂರು ರಾಶಿಯಲ್ಲೂ ಆ ಮಾತಿಲ್ಲ. ಯಜಮಾನರು ಬರೆದಿರಲಿಲ್ಲ. ಅಕ್ಕನೂ ಕೇಳಿರಲಿಲ್ಲ.

ಯಂತ್ರದ ಮೇಸ್ತ್ರಿಯನ್ನು ಕೂಗುತ್ತಾರೆ. ಅವರು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಲೆಕ್ಕ ಹಾಕುತ್ತಾರೆ. "ಯಂತ್ರದಲ್ಲಿರೋ ಹೋಟೆಲಿನ ಮೇಜುಬಟ್ಟೆ ಇಳಿಸಿಬಿಟ್ರೆ ಮಧ್ಯಾಹ್ನ ಎರಡಕ್ಕೆ ಕೊಡಬಹುದು. ಇಳಿಸದೇ ಇದ್ರೆ ನಾಳೆ."

"ಹೋಟೆಲಿನವರು ಕೈಬಿಟ್ಟು ಹೋಗ್ತಾರೆ," ಎನ್ನುತ್ತಾರೆ ಯಜಮಾನರು. "ಎರಡಕ್ಕೆ ಅಂತ ಬರೆದುಕೊಟ್ಟು ಆಗದೇ ಹೋದ್ರೆ? 'ಆದಷ್ಟು ಬೇಗ' ಅಂತ ಹಾಕಮ್ಮ."

"ಆದಷ್ಟು ಬೇಗದ ಮೇಲೆ ಯಾರು ಮಲಗ್ತಾರೆ ಯಜಮಾನ್ರೇ?"

ಬಾಗಿಲ ಬಳಿ ಇದ್ದ ತಂಗಿ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾಳೆ. "ನಾನು ಇರ್ತೀನಿ. ರಾತ್ರಿಯವರು ಇನ್ನೂ ಯಾರೂ ಹೋಗಿಲ್ಲ."

ಯಜಮಾನರು ಮೇಸ್ತ್ರಿಯ ಕಡೆ ನೋಡುತ್ತಾರೆ, ತಂಗಿಯ ಕಡೆ ನೋಡುತ್ತಾರೆ. "ಮೇಜುಬಟ್ಟೆ ಇಳಿಸಿ" ಎಂದಷ್ಟೇ ಹೇಳಿ ಸಹಿ ಹಾಕಲು ಕೈ ಚಾಚುತ್ತಾರೆ. ಅಕ್ಕ ಹೊಸ ಹಾಳೆ ಎಳೆದುಕೊಳ್ಳುತ್ತಾರೆ. ಮೊದಲ ಸಾಲು ಹೀಗೆ ಬೀಳುತ್ತದೆ: ನಿಮ್ಮ ಹಾಸುಗಳು ಇಂದು ಮಧ್ಯಾಹ್ನ ಎರಡು ಗಂಟೆಗೆ ಶುಭ್ರವಾಗಿ ನಿಮ್ಮ ಬಾಗಿಲಿಗೆ ಬರುತ್ತವೆ. ಎರಡನೆಯದು: ಕಲೆ ಉಳಿದದ್ದು ನಮ್ಮ ತಪ್ಪು. ಯಜಮಾನರು ಸಹಿ ಹಾಕುವಾಗ ಪೆನ್ನು ಕಾಗದಕ್ಕೆ ಸ್ವಲ್ಪ ಜೋರಾಗಿಯೇ ಒತ್ತುತ್ತದೆ. ಪತ್ರ ಹೊತ್ತು ಬೈಕು ಆಸ್ಪತ್ರೆಗೆ ಹೊರಡುತ್ತದೆ.

ಆಮೇಲೆ ಯಾರಿಗೂ ಉಸಿರಾಡಲು ಪುರುಸೊತ್ತಿಲ್ಲ. ಸಭೆ ಮುಗಿದ ಮೇಲೆ ಆಸ್ಪತ್ರೆಯ ಉಗ್ರಾಣದ ಅಧಿಕಾರಿಯಿಂದ ಫೋನು ಬರುತ್ತದೆ. ಎರಡಕ್ಕೆ ಬಂದರೆ ಕೆಲಸ ನಿಮ್ಮಲ್ಲೇ, ಬಾರದಿದ್ದರೆ ಇಲ್ಲ. ಹಬೆಯಲ್ಲಿ ಮುಖಗಳು ಕೆಂಪೇರುತ್ತವೆ. ಮಡಚದ ಎರಡು ಬೆರಳಿನ ಕೈಯಲ್ಲೇ ಅಕ್ಕ ಹಾಸಿನ ಒಂದು ತುದಿ ಹಿಡಿಯುತ್ತಾರೆ, ಇನ್ನೊಂದು ತುದಿ ತಂಗಿಯದು. ಕೊನೆಯ ಕಟ್ಟು ಏರಿಸುವ ಹೊತ್ತಿಗೆ ಗಾಡಿಯವನು ಹಾರನ್ ಒತ್ತುತ್ತಲೇ ಇರುತ್ತಾನೆ.

ಎರಡಕ್ಕೆ ಫೋನಿಲ್ಲ. ಎರಡು ದಾಟಿದರೂ ಇಲ್ಲ. ಇಸ್ತ್ರಿ ಮಾವ ಒಂದೇ ದಿಂಬಿನ ಚೀಲಕ್ಕೆ ಮತ್ತೆ ಮತ್ತೆ ಇಸ್ತ್ರಿ ಹಾಕುತ್ತಿದ್ದಾರೆ. ಕೊನೆಗೆ ಗಾಡಿಯವನ ಫೋನು: ಹೊತ್ತಿಗೆ ಸರಿಯಾಗಿ ಇಳಿಸಿದೆ, ನೋಡಿ ತೆಗೆದುಕೊಂಡರು, ನಾಳೆ ಒಗೆಯಬೇಕಾದ ಬಟ್ಟೆ ಗಾಡಿಗೆ ಏರಿಸುತ್ತಿದ್ದಾರೆ.

ಯಜಮಾನರು ಧೊಪ್ಪನೆ ಕೂರುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಅವರಿಗೆ ಬೇರೆಯದೇ ಬೇಜಾರು. "ಅಷ್ಟು ಕಷ್ಟಪಟ್ಟು ಬರೆದ್ವಿ. ಬೆಳಗ್ಗೆ ಫೋನಲ್ಲಿ ಆ ಅಧಿಕಾರಿ ಕಾಗದದ ಬಗ್ಗೆ ಒಂದು ಮಾತೂ ಆಡ್ಲಿಲ್ಲ ಕಣಮ್ಮ."

"ಮತ್ತೇನಂದ್ರು?"

"ಎರಡಕ್ಕೆ ಬರ್ಬೇಕು ಅಂದದ್ದು ಬಿಟ್ರೆ, ಗಾಡಿ ಯಾವ ಬಾಗಿಲಿಗೆ ಬರತ್ತೆ, ಇಳಿಸೋಕೆ ಎಷ್ಟು ಜನ ನಿಲ್ಲಿಸ್ಲಿ ಅಂತ ಕೇಳಿದ್ರು. ಅಷ್ಟೇ."

"ಹಾಗಾದ್ರೆ ಅರ್ಥ ಆಗಿದೆ ಬಿಡಿ," ಎನ್ನುತ್ತಾರೆ ಕತ್ತರಿ ಅಕ್ಕ. ತಂಗಿಯನ್ನು ಮನೆಗೆ ಕಳಿಸಿ, ಹೋಟೆಲಿನವರಿಗೆ ಬರೆಯಲು ಕೂರುತ್ತಾರೆ.